ಅರ್ಧ ತೂಕದ ಅಳತೆಗಳು

ಕಮಲಾಪುರ

ಫ್ರಾನ್ಸಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಅಲ್ಲಿಯ ಊಟದ ಮಾತು, ಆಮೇಲೆ ಅಲ್ಲಿಯ ಹೆಂಗಸರ ಮಾತು. ನಾನು ಹೋದದ್ದು ಒಂದು ಜೋಡಿ ನಕ್ಷತ್ರದ ಸಲುವಾಗಿ. ಅದನ್ನು ಹೇಳಿದೊಡನೆ ಕೇಳುವವರ ಮುಖ ಇಳಿಯುತ್ತದೆ. ಆದರೂ ಹೇಳುತ್ತೇನೆ. ಹೋದವನು ನಾನು, ದಣಿದವನೂ ನಾನೇ.

ನಮ್ಮದು ಕಮಲಾಪುರದ ಒಕ್ಕಲುತನದ ಮನೆ. ಜೋಳ, ತೊಗರಿ, ಬಾವಿಯ ಕೆಳಗೆ ಒಂದಿಷ್ಟು ಕೆಂಪು ಬಾಳೆ. ಈ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿಟ್ಟಿ ಬಂದದ್ದಲ್ಲ ಅದು. ಕಲಬುರಗಿಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತೆ, ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದೆ, ಮನೆಮಾತಾದ ಕನ್ನಡವನ್ನು ಓದಲು ಬರೆಯಲು ಮಠದ ಪಡಸಾಲೆಯಲ್ಲಿ ಕೂತು ಬೇರೆಯಾಗಿ ಕಲಿಯಬೇಕಾಯಿತು. ಈಗ ಹೈದರಾಬಾದಿನ ಒಂದು ವೇಧಶಾಲೆಯಲ್ಲಿ, ಅಂದರೆ ನಕ್ಷತ್ರ ನೋಡುವ ಕಚೇರಿಯಲ್ಲಿ, ದುರ್ಬೀನಿನ ಕೆಲಸ.

ಹೊರಡುವ ಮುಂಚೆ ಊರಿಗೆ ಹೋಗಿದ್ದೆ. ಅವ್ವ ಅಂಗಳದಲ್ಲಿ ತೊಗರಿ ಕೇರುತ್ತ ಕೇಳಿದಳು.

“ಒಂದ ಚಿಕ್ಕಿನ ಎರಡು ಅಂತೀಯಲ್ಲ, ನಿನ್ನ ಕಣ್ಣು ಬ್ಯಾನಿ ಬಂದಾವೇನು?”

“ನಮ್ಮ ಕಣ್ಣಿಗಿ ಒಂದ ಕಾಣಸ್ತದವ್ವಾ. ಖರೇ ಅಂದ್ರ ಎರಡು ಅದಾವ. ಹುಡುಗ್ಯಾರು ಕೈ ಕೈ ಹಿಡಕೊಂಡು ಫುಗಡಿ ಆಡ್ತಾರಲ್ಲ, ಹಂಗ ತಿರಗ್ತಾವ. ಯಾ ದಿಕ್ಕಿಗಿ ತಿರಗ್ಯಾವ, ನಡುವ ಎಷ್ಟು ಅಂತರ ಅದ ಅಂತ ವರ್ಷಾನುಗಟ್ಲೆ ಅಳಕೋತ ಹೋದ್ರ ಅವುಗಳ ತೂಕ ಸಿಗ್ತದ.”

“ತೂಕ ತಗೊಂಡು ಏನ್ ಮಾಡ್ತಿ? ಮಾರ್ತೀಯೇನು?”

“ಯಾರೂ ಮಾರಂಗಿಲ್ಲ.”

“ಮತ್ತ ಅದಕ್ಕ ಸಮುದ್ರ ದಾಟಬೇಕಾ?”

ದಾಟಬೇಕಾಗಿತ್ತು. ನಾನು ಮದುವೆಗೆ ಮುಂಚಿನಿಂದ ಅಳೆಯುತ್ತ ಬಂದ ಒಂದು ಜೋಡಿ ಇತ್ತು. ಯುರೋಪಿನಲ್ಲಿ ಮಹಾಯುದ್ಧ ನಡೆದ ವರ್ಷಗಳಲ್ಲೇ ಅದರ ಚಿಕ್ಕ ನಕ್ಷತ್ರ ತನ್ನ ದಾರಿಯ ತೀಕ್ಷ್ಣವಾದ ತಿರುವನ್ನು ದಾಟಿತು. ಅಲ್ಲಿಯ ವೇಧಶಾಲೆಗಳ ಗುಮ್ಮಟಗಳಿಗೆ ಬೀಗ ಬಿದ್ದಿತ್ತು, ನೋಡುವವರು ಬಂದೂಕು ಹಿಡಿದು ಹೋಗಿದ್ದರು. ಹೈದರಾಬಾದಿನಲ್ಲಿ ನಾನು ಅಳೆಯುತ್ತಲೇ ಇದ್ದೆ. ಯುದ್ಧ ಮುಗಿದ ಮೇಲೆ ಗಾಬೆಲ್ ಎಂಬ ಫ್ರೆಂಚ್ ಖಗೋಳಜ್ಞರು ಆ ಜೋಡಿಯ ದಾರಿಯನ್ನು ಹೊಸದಾಗಿ ಲೆಕ್ಕ ಹಾಕತೊಡಗಿದರು. ನಾನು ತೆಗೆದ ಅಳತೆಗಳು ತಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ, ಎಲ್ಲವನ್ನೂ ಕೈಬಿಡುವುದಾಗಿ ನಮ್ಮ ಕಚೇರಿಗೆ ತಿಳಿಸಿದರು.

ನಮ್ಮ ಮುಖ್ಯಸ್ಥರು ನನಗೊಂದು ವಜೀಫಾ, ಅಂದರೆ ಪ್ರವಾಸದ ಸಹಾಯಧನ, ಕೊಡಿಸಿ, “ಅವರ ದುರ್ಬೀನಿನಲ್ಲೇ ಅಳೆದು ತೋರಿಸಿ ಬಾ. ತೋರಿಸಲಾಗದಿದ್ದರೆ ದುರ್ಬೀನು ಬಿಟ್ಟು ಹವಾಮಾನದ ಮೇಜಿಗೆ ಬಾ” ಎಂದರು. ಹವಾಮಾನದ ಮೇಜೆಂದರೆ ಮಳೆಯ ಅಂಕಿಗಳನ್ನು ನಕಲು ಮಾಡುವ ಕೆಲಸ. ಅದಕ್ಕೆ ಬಿ.ಎ. ಬೇಕಾಗಿರಲಿಲ್ಲ.

ಕಲಬುರಗಿ ಸ್ಟೇಷನ್

ಮುಂಬಯಿಯ ಗಾಡಿಗೆ ಕಾಯುತ್ತಿದ್ದಾಗ ಗುಂಡೇರಾವ್ ಬಂದ. ನನ್ನ ಹೈಸ್ಕೂಲಿನ ಗೆಳೆಯ, ಕಲಬುರಗಿಯದೇ ಗಾಜಿಪುರ ಓಣಿಯ ವೈಷ್ಣವರ ಮನೆಯವ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕೋಪ ಬಂದರೆ ಉರ್ದು. ಶೇಂಗಾ ವ್ಯಾಪಾರದ ಪೇಢಿಯೊಂದರಲ್ಲಿ ಕಾರಕೂನ. ನಮ್ಮ ಕಡೆಯ ಶೇಂಗಾ ಮಾರ್ಸೇಲ್ಸಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತದೆ, ಸಾಬೂನಾಗುತ್ತದೆ. ಚೀಲಗಳಲ್ಲಿ ಶೇಂಗಾದ ಜೊತೆ ಮಣ್ಣೂ ಬರುತ್ತಿದೆ ಎಂದು ಅಲ್ಲಿಯವರು ತಕರಾರು ತೆಗೆದಿದ್ದರಿಂದ ಪೇಢಿಯವರು ಇವನನ್ನು ಕಳಿಸಿದ್ದರು.

“ಏನೋ ಶರಣಪ್ಪ, ನೀ ಚಿಕ್ಕಿ ಜಗಳಕ್ಕ ಹೊಂಟಿ, ನಾ ಮಣ್ಣಿನ ಜಗಳಕ್ಕ ಹೊಂಟೀನಿ. ಯಾರು ಮೊದಲು ಸೋತು ಬರ್ತಾರ ನೋಡಮು.”

“ಸಮುದ್ರ ದಾಟಾಕ ನಿಮ್ಮ ಮನ್ಯಾಗ ಒಪ್ಪಿದ್ರೇನು?”

“ಯಾರ್ ಒಪ್ತಾರೋ! ಬಂದ ಮ್ಯಾಲ ಪಂಚಗವ್ಯ ಕುಡಸ್ತಾರಂತ. ಹಡಗಿನ ಊಟಕ್ಕಿಂತ ಅದ ಛಲೋ ಇರ್ತದ ಬಿಡು.”

ಹಡಗಿನ ಬಗ್ಗೆ ನಾನು ಬರೆಯುವಂಥದ್ದು ಏನೂ ಇಲ್ಲ. ವಾಂತಿ ಮಾಡಿಕೊಳ್ಳುತ್ತ ಮಲಗಿದ್ದೆ. ಗುಂಡೇರಾವ್ ದಿನಾ ಬಂದು, ಇವತ್ತು ಸಮುದ್ರ ಹೇಗಿದೆ ಎಂದು ಹೇಳಿ ಹೋಗುತ್ತಿದ್ದ. ನನಗೆ ಅದು ಬೇಕಾಗಿರಲಿಲ್ಲ. ಅವನು ಹೇಳಿದಂತೆ ಅದು ದಿನಾ ನಿನ್ನೆಯಂತೆಯೇ ಇತ್ತು.

ಮಾರ್ಸೇಲ್ಸ್

ಅಲ್ಲಿಯ ಜನ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ನಡೆಯುತ್ತಾರೆ. ಮೊಳದುದ್ದದ ರೊಟ್ಟಿ, ಮೇಲೆ ಒಂದು ಚಿಂದಿ ಅರಿವೆಯೂ ಇಲ್ಲ. ನಮ್ಮ ಊರಿನಲ್ಲಿ ರೊಟ್ಟಿಬುಟ್ಟಿಗೆ ಪರರ ನೆರಳು ಬಿದ್ದರೂ ಹೆಂಗಸರು ಸೆರಗು ಮುಚ್ಚುತ್ತಾರೆ. ನೋಡಿದ ದಿನ ನನಗೆ ಊಟ ಸೇರಲಿಲ್ಲ. ಒಂದು ವಾರದ ಮೇಲೆ ನಾನೂ ಹಾಗೆಯೇ ಹಿಡಿದು ನಡೆದೆ, ಅದು ಬೇರೆ ಮಾತು.

ಬಂದರಿನ ಬೀದಿಯಲ್ಲಿ ಒಬ್ಬ ಮುದುಕಿ ನನ್ನನ್ನು ತಡೆದಳು. ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತ ಅಳತೊಡಗಿದಳು. ಇಂಗ್ಲಿಷ್ ಬಲ್ಲ ಅಂಗಡಿಯವನೊಬ್ಬ ಬಿಡಿಸಿ ಹೇಳಿದ. ಯುದ್ಧದ ಶುರುವಿನಲ್ಲಿ ಹಿಂದುಸ್ತಾನದ ಸಿಪಾಯಿಗಳು ಇದೇ ಬೀದಿಯಲ್ಲಿ ನಡೆದು ಹೋಗಿದ್ದರಂತೆ. ಈಕೆ ಅವರಿಗೆ ಕಿತ್ತಳೆ ಕೊಟ್ಟಿದ್ದಳಂತೆ. ನನ್ನ ಮುಖ ಕಂಡು, ಅವರಲ್ಲೊಬ್ಬ ಬದುಕಿ ತಿರುಗಿ ಬಂದಿದ್ದಾನೆ ಎಂದುಕೊಂಡಿದ್ದಳು. ನಾನು ಸಿಪಾಯಿಯಲ್ಲ ಎಂದು ಹೇಳಲು ಬಾಯಿ ತೆರೆದೆ.

“ಸುಮ್ಮ ಹೂಂ ಅನ್ನೋ,” ಎಂದ ಗುಂಡೇರಾವ್. “ಆಕಿ ಪಾಲಿಗಿ ಒಬ್ಬಾವರೆ ಉಳದು ಬರ್ಲಿ.”

ಹೂಂ ಅಂದೆ. ಆಕೆ ಕೆನ್ನೆಗೆ ಮುತ್ತು ಕೊಟ್ಟು ಹೋದಳು. ಗುಂಡೇರಾವ್ ಆ ಇಡೀ ದಿನ ನನ್ನನ್ನು “ಜಮಾದಾರ್ ಸಾಹೇಬ್ರ” ಎಂದೇ ಕರೆದ. ಮರುದಿನ ಅವನನ್ನು ಅವನ ಮಣ್ಣಿನ ಜೊತೆ ಬಿಟ್ಟು ನಾನು ಪೂರ್ವದ ಕಡೆಯ ರೈಲು ಹತ್ತಿದೆ.

ಬೆಟ್ಟದ ಮೇಲೆ

ವೇಧಶಾಲೆ ಇದ್ದದ್ದು ಸಮುದ್ರದ ಮೇಲಿನ ಒಂದು ಬೋಳು ಬೆಟ್ಟದಲ್ಲಿ. ಗಾಬೆಲ್ ಎತ್ತರದ, ಒಣಕಲು ಮನುಷ್ಯ. ಅವರ ಇಬ್ಬರು ಸಹಾಯಕರು ಯುದ್ಧಕ್ಕೆ ಹೋದವರು ಬಂದಿರಲಿಲ್ಲ. ಇಬ್ಬರ ಕೋಟುಗಳೂ ಗುಮ್ಮಟದ ಗೂಟದಲ್ಲಿ ಹಾಗೆಯೇ ಇದ್ದವು. ನನ್ನ ಕೋಟನ್ನು ಎಲ್ಲಿ ತೂಗುಹಾಕಲಿ ಎಂದು ನಾನು ಕೇಳಲಿಲ್ಲ. ಕುರ್ಚಿಯ ಮೇಲೆ ಇಟ್ಟೆ.

ಮನೆ ನೋಡಿಕೊಳ್ಳುವವರು ಅವರ ಅಕ್ಕ, ಮದಾಂ ಎಲೋಡಿ. ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತರೆ ಬೆಕ್ಕನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಹೋಗುವಷ್ಟು ಒಳ್ಳೆಯವರು. ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದೆ. ಅವರು ತಲೆಯಾಡಿಸಿ ದಿನವೂ ಕಾಯಿಪಲ್ಯದ ಸಾರು ಬಡಿಸಿದರು. ಒಂದು ದಿನ ತಳದಲ್ಲಿ ಎಲುಬು ಸಿಕ್ಕಿತು. ಅವರ ಲೆಕ್ಕದಲ್ಲಿ ಎಲುಬು ಮಾಂಸವಲ್ಲ, ಅದು ರುಚಿ. ಎರಡು ದಿನ ನಾನು ಬರೀ ಹಣ್ಣು ತಿಂದೆ, ಅವರು ಎರಡೂ ದಿನ ಅತ್ತರು. ಮೂರನೆಯ ದಿನ ಪೇಟೆಯಿಂದ ಕಡಲೆಹಿಟ್ಟಿನ ದೊಡ್ಡ ದೋಸೆಯಂಥದ್ದು ತಂದರು. ಎಣ್ಣೆ, ಉಪ್ಪು, ಮೆಣಸಿನ ಪುಡಿ, ಅಂಚು ಸೀದು ಕರಕಲು. ಸಮುದ್ರ ದಾಟಿ ಬಂದು ಕಡಲೆಹಿಟ್ಟು ಸಿಕ್ಕಿತಲ್ಲ ಎಂದು ನಾನು ನಿಂತುಕೊಂಡೇ ತಿಂದೆ. ಆಮೇಲೆ ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ.

ಇನ್ನು ಕೆಲಸ. ಇದಕ್ಕೆ ನಡುರಾತ್ರಿ ಎಚ್ಚರವಿರಬೇಕೆಂದು ಜನ ತಿಳಿದಿದ್ದಾರೆ. ನಮ್ಮ ನಕ್ಷತ್ರ ಪ್ರಕಾಶವಾದದ್ದು, ಕತ್ತಲಲ್ಲಿ ಕಣ್ಣು ಕುಕ್ಕುತ್ತದೆ. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿಯಾಗಿರುವಾಗಲೇ ಎರಡು ಚುಕ್ಕಿ ಬಿಡಿಬಿಡಿಯಾಗಿ ಕಾಣುವುದು. ದುರ್ಬೀನಿನ ಕಣ್ಣಿನ ಕಡೆ ಜೇಡರಹುಳದ ಎಳೆ ಕಟ್ಟಿದ ಒಂದು ಪೆಟ್ಟಿಗೆ ಇರುತ್ತದೆ. ಎರಡು ಚುಕ್ಕಿಗಳ ಸಾಲಿಗೆ ಸರಿಯಾಗಿ ಆ ಎಳೆಯನ್ನು ತಿರುಗಿಸಿ ನಿಲ್ಲಿಸಬೇಕು. ಎಷ್ಟು ತಿರುಗಿತು ಎಂಬುದನ್ನು ಇನ್ನೊಬ್ಬರು ಓದಿ ಬರೆದುಕೊಳ್ಳುತ್ತಾರೆ, ಅಳೆಯುವವನಿಗೆ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಕೈ ಅದೇ ಅಂಕಿಯ ಕಡೆಗೆ ಓಡುತ್ತದೆ.

ಗಾಬೆಲ್ ಹೊಸದೊಂದು ಉಪಾಯವನ್ನೂ ಮಾಡಿದ್ದರು. ದುರ್ಬೀನಿನ ದೊಡ್ಡ ಗಾಜಿಗೆ ಎರಡು ಸೀಳಿರುವ ಮುಚ್ಚಳ ಹಾಕುವುದು. ಆಗ ನಕ್ಷತ್ರದ ಮೇಲೆ ಇಲಕಲ್ಲ ಸೀರೆಯ ದಡಿಯಂತೆ ಸಣ್ಣ ಸಣ್ಣ ಪಟ್ಟೆ ಮೂಡುತ್ತವೆ. ಮುಚ್ಚಳವನ್ನು ತಿರುಗಿಸುತ್ತ ಹೋದರೆ ಒಂದು ಕಡೆ ಪಟ್ಟೆಗಳು ಕರಗುತ್ತವೆ. ಜೋಡಿಯ ಸಾಲು ಯಾವ ದಿಕ್ಕಿಗಿದೆ ಎಂಬುದು ಅಲ್ಲಿಂದ ಸಿಗುತ್ತದೆ. ಕಣ್ಣಿನ ಅಂದಾಜು ಬೇಡ. ಪಟ್ಟೆ ಇದೆಯೋ ಇಲ್ಲವೋ, ಅಷ್ಟೇ. ಆದರೆ ಅದಕ್ಕೆ ಇಂಥ ದೊಡ್ಡ ಗಾಜು ಬೇಕು. ಹೈದರಾಬಾದಿನಲ್ಲಿ ನನ್ನ ಬಳಿ ಇದ್ದದ್ದು ಎಳೆ ಮಾತ್ರ.

ಗುಮ್ಮಟದೊಳಗೆ ಕಾಲಿಡುವಾಗ ಗಾಬೆಲ್ ಟೋಪಿ ತೆಗೆಯುತ್ತಿದ್ದರು. ಅವರಲ್ಲಿ ಅದು ಮರ್ಯಾದೆ. ನಮ್ಮಲ್ಲಿ ಹಿರಿಯರ ಮುಂದೆ ಬರಿ ತಲೆಯಲ್ಲಿ ನಿಲ್ಲುವುದೇ ಅಮರ್ಯಾದೆ. ನಿಜಾಮರ ಕಚೇರಿಗಳಲ್ಲಂತೂ ಬರಿ ತಲೆಯ ಜವಾನನನ್ನೂ ಒಳಗೆ ಬಿಡುವುದಿಲ್ಲ. ನಾನು ರುಮಾಲು ಸುತ್ತಿಕೊಂಡೇ ದುರ್ಬೀನಿನ ಮುಂದೆ ಕೂತೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಕೆಲಸ ಶುರು ಮಾಡಿದೆವು.

ಗಾಳಿ

ಆ ಕಡೆ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಆಕಾಶ ಬೆಳಗಿದ ತಾಮ್ರದ ತಟ್ಟೆಯಂತೆ ಶುಭ್ರವಾಗಿರುತ್ತದೆ, ಆದರೆ ನಕ್ಷತ್ರ ಮಾತ್ರ ಕುದಿಯುವ ಎಸರಿನಲ್ಲಿ ಬಿದ್ದ ಅಕ್ಕಿಕಾಳಿನಂತೆ ಕುಣಿಯುತ್ತದೆ. ದಿನವೂ ಸಂಜೆ ಮೆಟ್ಟಿಲು ಹತ್ತುವುದು, ಗುಮ್ಮಟ ತೆರೆಯುವುದು, ನೋಡುವುದು, ಮುಚ್ಚುವುದು. ಗಾಳಿ ನಿಂತ ಸಂಜೆ ಮೋಡ. ಮೋಡ ಸರಿದ ಸಂಜೆ ಗಾಳಿ. ಕುತ್ತಿಗೆ ಹಿಡಿದುಕೊಂಡಿತು, ಕಣ್ಣಿನಲ್ಲಿ ನೀರು. ನಮ್ಮ ಕಡೆ ಚಳಿಗಾಲದ ಆಕಾಶ ತಿಂಗಳುಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ಅದು ಸಂಪತ್ತು ಎಂದು ನನಗೆ ಅಲ್ಲಿ ಗೊತ್ತಾಯಿತು.

ಅಂತೂ ಕೆಲವು ಒಳ್ಳೆಯ ಸಂಜೆಗಳು ಸಿಕ್ಕವು. ಗಾಬೆಲ್ ನನ್ನ ಎಳೆಯ ಅಂಕಿಗಳನ್ನೂ ಸೀಳಿನ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನನ್ನನ್ನು ಕರೆದರು. ಅವರ ಇಂಗ್ಲಿಷು ನನ್ನದಕ್ಕಿಂತ ಕಡಿಮೆ, ಅದಕ್ಕೇ ಮಾತು ನೇರ.

“ದುರ್ಬೀನು ಬೇರೆ. ದೇಶ ಬೇರೆ. ನಿಮ್ಮ ಎಳೆಯ ಓರೆ ಮಾತ್ರ ಅದೇ. ತಪ್ಪು ನಿಮ್ಮಲ್ಲಿದೆ.”

“ನನ್ನಲ್ಲಿ ಎಲ್ಲಿ?”

“ಗೊತ್ತಿಲ್ಲ. ಕಾರಣ ಗೊತ್ತಾದರೆ ತಿದ್ದಬಹುದು. ಗೊತ್ತಾಗದಿದ್ದರೆ ಹೊಡೆದು ಹಾಕಬೇಕು. ಈ ಋತು ಮುಗಿದ ಕೂಡಲೇ ಅಚ್ಚಿಗೆ ಕೊಡುತ್ತೇನೆ.”

ತಪ್ಪು ಅವರ ಲೆಕ್ಕದಲ್ಲಿದೆ ಎಂದು ನಂಬಿ ಬಂದವನು ನಾನು. ಅಲ್ಲವಾದರೆ ಹೈದರಾಬಾದಿನ ಹಳೆಯ ಪೆಟ್ಟಿಗೆಯಲ್ಲಿ ಇರಬಹುದು ಎಂದುಕೊಂಡಿದ್ದೆ. ಆದರೆ ಆ ತಪ್ಪು ನನ್ನ ಜೊತೆಗೇ ಹಡಗು ಹತ್ತಿ ಬಂದಿತ್ತು. ಆ ದಿನ ಮದಾಂ ಎಲೋಡಿ ಬಡಿಸಿದ್ದು ಏನು ಎಂದು ನನಗೆ ನೆನಪಿಲ್ಲ.

ಗುಂಡೇರಾವ್ ಬಂದ ಸಂಜೆ

ಮಾರ್ಸೇಲ್ಸಿನ ಕೆಲಸ ಮುಗಿಸಿ ಗುಂಡೇರಾವ್ ನನ್ನನ್ನು ನೋಡಲು ಬೆಟ್ಟ ಹತ್ತಿ ಬಂದ.

“ಮಣ್ಣಿಂದು ಏನಾತೋ?”

“ನಮ್ಮದ ಅಂತ ಒಪ್ಪಿದೆ. ನಮ್ಮ ಕಡಿ ನಂದೂರ ಹೊಲದ ಕರಿ ಮಣ್ಣು, ನೋಡಿದ್ರ ನಂಗ ಗುರ್ತು ಸಿಗಂಗಿಲ್ಲೇನು? ಒಪ್ಪಿದ ಮ್ಯಾಲ ಕಾಫಿ ಕೊಟ್ರು. ನಿಂದೇನು? ಮಾರಿ ಯಾಕ ಹಿಂಗ ಆಗ್ಯಾದ?”

ಹೇಳಿದೆ. ಅವನಿಗೆ ಎಷ್ಟು ತಿಳಿಯಿತೋ. ಗಾಬೆಲ್ ಅವನನ್ನೂ ಗುಮ್ಮಟಕ್ಕೆ ಕರೆದರು. ಅವನು ನನ್ನ ಬೆನ್ನ ಹಿಂದೆ ಏಣಿಯ ಮೇಲೆ ಕೂತ. ಗಾಳಿ ಇರಲಿಲ್ಲ. ನಾನು ಕಣ್ಣಿಟ್ಟು ಎಳೆ ತಿರುಗಿಸತೊಡಗಿದ್ದೆ.

“ಶರಣಪ್ಪ, ಹೊಸಾ ಮದುಮಗನ ಹಂಗ ಗೋಣು ಓರೆ ಮಾಡ್ಕೊಂಡು ಯಾಕ ಕುಂತಿಯೋ? ಯಾರರೆ ಫೋಟೋ ತಗಿಲಾಕತ್ತಾರೇನು?”

“ಬಾಯಿ ಮುಚ್ಚೋ.”

“ಖರೇನ ಹೇಳ್ಲಾಕತ್ತೀನಿ. ತಲಿ ಎಡಕ್ಕ ವಾಲ್ಯಾದ.”

ಅವನು ಏನೆಂದ ಎಂದು ಗಾಬೆಲ್ ಕೇಳಿದರು. ಹಾಸ್ಯ, ಬಿಡಿ ಎಂದೆ. ಬಿಡಲಿಲ್ಲ. ಹೇಳಿದೆ. ಅವರು ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟು ನನ್ನ ಎದುರಿಗೆ ಬಂದು, ಮತ್ತೆ ಕಣ್ಣಿಡಿ ಎಂದರು. ಇಟ್ಟೆ. ಬಲಗಣ್ಣಿನ ಮೇಲೆ ಬರುವ ರುಮಾಲಿನ ದಪ್ಪ ಸುತ್ತು ಪೆಟ್ಟಿಗೆಗೆ ತಾಗುತ್ತಿತ್ತು. ಅದನ್ನು ತಪ್ಪಿಸಲು ನನ್ನ ತಲೆ ತಾನಾಗಿಯೇ ಎಡಕ್ಕೆ ಬಾಗುತ್ತಿತ್ತು. ಎಷ್ಟೋ ವರ್ಷದಿಂದ ಬಾಗಿದ್ದು. ನನಗೆ ಅದೇ ನೆಟ್ಟಗೆ. ತಲೆ ಓರೆಯಾದರೆ ಕಣ್ಣೂ ಓರೆ, ಕಣ್ಣು ಓರೆಯಾದರೆ ಎಳೆಯೂ ಸಾಲಿಗೆ ಸರಿಯಾಗಿ ಕೂರುವುದಿಲ್ಲ.

“ಮೊದಲೇ ನೋಡಿದ್ದೆ,” ಎಂದರು ಗಾಬೆಲ್, ನಿಧಾನವಾಗಿ. “ಅದು ನಿಮ್ಮ ಧರ್ಮದ ವಿಷಯ ಎಂದುಕೊಂಡೆ. ಕೇಳುವುದು ಸಭ್ಯತೆಯಲ್ಲ ಎಂದು ಸುಮ್ಮನಿದ್ದೆ.”

“ತೆಗೆದರೆ ನೀವು ನನ್ನನ್ನು ಒರಟ ಎಂದುಕೊಳ್ಳುತ್ತೀರಿ ಎಂದು ನಾನು ತೆಗೆಯಲಿಲ್ಲ.”

ರುಮಾಲು ತೆಗೆದು ಗುಂಡೇರಾವ್‌ನ ಕೈಗೆ ಕೊಟ್ಟೆ. ದೊಡ್ಡವನಾದ ಮೇಲೆ ಹಿರಿಯರ ಮುಂದೆ ನನ್ನ ತಲೆಗೆ ಗಾಳಿ ತಾಗಿದ್ದು ಅದೇ ಮೊದಲು. ನಾಚಿಕೆಯಾಯಿತು. ತಲೆ ನೆಟ್ಟಗಿಟ್ಟು ಎಳೆ ತಿರುಗಿಸಿದೆ. ಗಾಬೆಲ್ ಅಂಕಿ ಓದಿದರು, ಮತ್ತೆ ಓದಿದರು, ಆಮೇಲೆ ಪದ್ಧತಿ ಮುರಿದು ಕಾಗದವನ್ನು ನನ್ನ ಮುಂದೆ ಹಿಡಿದರು. ಎಳೆಯೂ ಸೀಳೂ ಒಂದೇ ಮಾತು ಹೇಳುತ್ತಿದ್ದವು.

“ಅಂದ್ರ ಇಷ್ಟು ವರ್ಷ ಚಿಕ್ಕಿ ನೆಟ್ಟಗ ಇತ್ತು, ನೀನ ಡೊಂಕಿದ್ದಿ,” ಎಂದ ಗುಂಡೇರಾವ್.

“ಹೂಂ.”

“ಮಾಸ್ತರ್ರು ಹೇಳ್ತಿದ್ರಲ್ಲೋ, ನೆಟ್ಟಗ ಕುಂದ್ರು ಅಂತ. ಅವರ ಮಾತು ಕೇಳಿದ್ದಿ ಅಂದ್ರ ಹಡಗಿನ ವಾಂತಿ ತಪ್ತಿತ್ತು.”

ಅಲುಗದ ಜೋಡಿಗಳು

ಕಾರಣ ಸಿಕ್ಕಿತು, ಸರಿ. ಹಳೆಯ ಅಳತೆ ಉಳಿಯಬೇಕಾದರೆ ಓರೆ ಎಷ್ಟು ಎಂಬುದೂ ಬೇಕಲ್ಲ. ಆಕಾಶದಲ್ಲಿ ಮೂರು ತಲೆಮಾರಿನಿಂದ ಅಲುಗಾಡದ ಜೋಡಿಗಳಿವೆ. ಅವುಗಳ ದಿಕ್ಕು ಎಲ್ಲರಿಗೂ ಗೊತ್ತು. ರುಮಾಲು ಸುತ್ತಿಕೊಂಡು ಅವನ್ನು ಅಳೆದು, ನಾನು ಎಲ್ಲೆಲ್ಲಿ ಎಷ್ಟೆಷ್ಟು ತಪ್ಪುತ್ತೇನೆ ಎಂದು ಕಂಡುಕೊಳ್ಳಬೇಕು.

ಸುಲಭ ಎಂದುಕೊಂಡೆ. ಆಗಲಿಲ್ಲ. ಗೊತ್ತಾದ ಮೇಲೆ ತಲೆ ಮೊದಲಿನಂತೆ ಬಾಗಲು ಒಪ್ಪುವುದಿಲ್ಲ. ಬೇಕೆಂದು ಬಾಗಿಸಿದರೆ ಹೆಚ್ಚಾಗುತ್ತದೆ, ಸುಮ್ಮನಿದ್ದರೆ ನೆಟ್ಟಗಾಗುತ್ತದೆ. ಪ್ರಾಮಾಣಿಕವಾಗಿ ತಪ್ಪುವುದು ಸರಿಯಾಗಿ ಮಾಡುವುದಕ್ಕಿಂತ ಕಷ್ಟ ಎಂದು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಪೇಟೆಗೆ ನಡೆದು ಹೋಗಿ ಬೆಟ್ಟ ಹತ್ತಿ ಬಂದು, ಸುಸ್ತಾಗಿ ಹಾಗೆಯೇ ದುರ್ಬೀನಿನ ಮುಂದೆ ಕೂತೆ. ಆ ದಿನದ ಅಂಕಿಗಳು ನನ್ನ ಹಳೆಯ ಓರೆಗೆ ಸರಿಯಾಗಿ ಹೊಂದಿದವು. ದಣಿದಾಗ ಮಾತ್ರ ತಲೆ ನನ್ನನ್ನು ಮರೆತು ತನ್ನ ಅಭ್ಯಾಸಕ್ಕೆ ಬೀಳುತ್ತಿತ್ತು. ಅಲ್ಲಿಂದ ಮುಂದೆ ಗಾಬೆಲ್ ದಿನವೂ ಮಧ್ಯಾಹ್ನ ನನ್ನನ್ನು ಬೆಟ್ಟದ ಕೆಳಗೆ ಓಡಿಸತೊಡಗಿದರು. ಏನಾದರೂ ತರಬೇಕೆಂದು ಮದಾಂ ಎಲೋಡಿ ಒಂದು ಚೀಲ ಕೊಡುತ್ತಿದ್ದರು. ಆಲೂಗಡ್ಡೆ ಹೊತ್ತು ಹತ್ತುವುದು, ರುಮಾಲು ಸುತ್ತುವುದು, ಅಳೆಯುವುದು. ಬಿ.ಎ. ಪಾಸಾಗಲೂ ನಾನು ಇಷ್ಟು ದಣಿದಿರಲಿಲ್ಲ. ಕೊನೆಕೊನೆಗೆ ಮೆಟ್ಟಿಲ ಮೇಲೆ ಕೂತಲ್ಲಿಯೇ ನಿದ್ದೆ ಬರುತ್ತಿತ್ತು. ಗಾಬೆಲ್ ಎಬ್ಬಿಸಿ, “ಈಗ ಸರಿಯಾಗಿದ್ದೀರಿ, ಬನ್ನಿ” ಎನ್ನುತ್ತಿದ್ದರು.

ಇಳಿಯುವ ದಿನ

ಓರೆಯ ಲೆಕ್ಕ ಸಿಕ್ಕಿತು. ನನ್ನ ಯುದ್ಧಕಾಲದ ಅಳತೆಗಳನ್ನು ಒಂದೊಂದಾಗಿ ತಿದ್ದಿ ಗಾಬೆಲ್ ದೊಡ್ಡ ಕಾಗದದ ಮೇಲೆ ಚುಕ್ಕಿ ಇಟ್ಟರು. ಅಚ್ಚಿನಲ್ಲಿ ಕಾರಣ ಬರೆಯಬೇಕಲ್ಲ. ಅವರು ರುಮಾಲಿನ ಹೆಸರನ್ನೇ ಬರೆದಿದ್ದರು.

“ಅದು ಬೇಡ. ತಲೆಯ ಓರೆ ಎಂದಷ್ಟೇ ಬರೆಯಿರಿ,” ಎಂದೆ.

“ಕಾರಣ ಪೂರ್ತಿ ಹೇಳಬೇಕು. ನನ್ನ ಎಡಗಣ್ಣಿನ ದೋಷವನ್ನು ನಾನೇ ಹೆಸರು ಹಾಕಿ ಅಚ್ಚು ಮಾಡಿಸಿದ್ದೇನೆ.”

“ನಿಮ್ಮ ಕಣ್ಣಿನ ದೋಷ ಓದಿ ಯಾರೂ ನಗಲಿಲ್ಲ. ರುಮಾಲು ಎಂದರೆ ನಿಮ್ಮವರು ನಗುತ್ತಾರೆ, ನಕ್ಕವರು ಮುಂದಿನ ಅಂಕಿ ಓದುವುದಿಲ್ಲ. ತಪ್ಪು ನನ್ನ ಹೆಸರಿನಲ್ಲೇ ಇರಲಿ. ನಮ್ಮವರ ತಲೆಯ ಮೇಲಿನದರ ಹೆಸರಿನಲ್ಲಿ ಬೇಡ.”

ಅವರು ಆ ಸಾಲು ಹೊಡೆದು ಹಾಕಿದರು. ಆಮೇಲೆ, ತಿದ್ದಿದ ಅಳತೆಗೆ ಪೂರ್ತಿ ತೂಕ ಕೊಡುವ ಪದ್ಧತಿಯಿಲ್ಲ, ಅರ್ಧ ಕೊಡುತ್ತೇನೆ ಎಂದರು. ಅಂದರೆ ನನ್ನ ಎರಡು ಅಳತೆ ಬೇರೆಯವರ ಒಂದಕ್ಕೆ ಸಮ. ವಾದ ಮಾಡಲು ಬಾಯಿ ತೆರೆದೆ. ಆಗ ಕಾಗದ ಕಣ್ಣಿಗೆ ಬಿತ್ತು. ಸುತ್ತಲೂ ಒತ್ತೊತ್ತಾಗಿ ಬೇರೆಯವರ ಚುಕ್ಕಿಗಳು. ಗೆರೆ ಗಕ್ಕನೆ ತಿರುಗುವ ಜಾಗದಲ್ಲಿ ಮಾತ್ರ ಅವು ಮುಗಿದು, ಅಲ್ಲಿಂದ ಆಚೆಯ ದಡದವರೆಗೂ ನನ್ನವೇ. ಗಾಬೆಲ್ ಪೆನ್ಸಿಲು ತೆಗೆದುಕೊಂಡು ಅವುಗಳ ನಡುವೆ ಹಾಯಿಸಿ ಗೆರೆ ಎಳೆದರು. ಅವರು ಮೊದಲು ಎಳೆದಿದ್ದ ಗೆರೆ ಅಲ್ಲಿ ಪಕ್ಕಕ್ಕೆ ಉಳಿಯಿತು. ಅದನ್ನು ರಬ್ಬರಿನಿಂದ ಒರೆಸಿ ಪುಡಿಯನ್ನು ಊದಿದರು.

ನನ್ನ ಜೊತೆಗೇ ಮರಳಲೆಂದು ಪೇಟೆಯಲ್ಲಿ ಉಳಿದಿದ್ದ ಗುಂಡೇರಾವ್ ಗೇಟಿನ ಬಳಿ ಗಾಡಿ ತಂದು ಕಾಯುತ್ತಿದ್ದ.

“ಉಳದ್ವೋ, ಹೋದ್ವೋ?”

“ಉಳದ್ವು. ಅರ್ಧ ತೂಕಕ್ಕ.”

“ಅರ್ಧ ಯಾಕ? ಜಗಳಾ ಮಾಡಿ ಪೂರಾ ಹಾಕಸ್ಕೊಬೇಕಿಲ್ಲೋ, ಹುಚ್ಚಾ!”

“ತಿರುವಿನ್ಯಾಗ ಬ್ಯಾರೆ ಯಾರೂ ಇಲ್ಲೋ. ನಾ ಒಬ್ಬಾವನ ಅದೀನಿ.”

ಅವನು ನನ್ನ ಚೀಲವನ್ನು ಗಾಡಿಗೆ ಹಾಕಿದ. ವ್ಯಾಪಾರದ ಮನುಷ್ಯ, ಬೇಗ ತಿಳಿಯಿತು.

“ಹಂಗಿದ್ರ ಅರ್ಧ ಸಾಕು ಬಿಡು. ಒಬ್ಬನ ಅಂಗಡಿ ಇದ್ದಲ್ಲಿ ತಕ್ಕಡಿ ಯಾರ್ ಕೇಳ್ತಾರ?”

ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟ. ಸಮುದ್ರ ನೋಡೋ, ಎಷ್ಟು ಚೆಂದ ಅದ ಎಂದು ಏನೇನೋ ತೋರಿಸುತ್ತಿದ್ದ. ನಾನು ಏನೂ ನೋಡಲಿಲ್ಲ. ಮಾರ್ಸೇಲ್ಸ್ ಬಂದಾಗ ಅವನೇ ಹೆಗಲು ಹಿಡಿದು ಅಲುಗಾಡಿಸಿ ಎಬ್ಬಿಸಬೇಕಾಯಿತು.